ಇಳಕಲ್ ಸೀರೆಯ ಅಜ್ಜಿ: ಶೈಲೀಕೃತ ಪಾತ್ರವೊಂದನ್ನು ಬ್ಲೆಂಡರ್‌ನಲ್ಲಿ ಕಟ್ಟಿ ಬಣ್ಣ ತುಂಬುವ ಬಗೆ

ಅಜ್ಜಿಯ ಪಾತ್ರ ಮಾಡಿಕೊಡಿ ಎಂದಾಗ, ಮೂರು ಆಯಾಮದ ಮಾಡೆಲಿಂಗ್ ಕಲಿಯುತ್ತಿರುವವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಸುಕ್ಕುಗಳಿಗೆ. ನಾನೂ ಹಾಗೆಯೇ ಮಾಡಿದ್ದೆ. ಹಣೆ, ಕೆನ್ನೆ, ಕತ್ತು ಯಾವುದನ್ನೂ ಬಿಡದೆ ಹತ್ತು ದಿನ ಗೆರೆ ಕೊರೆದು ಪಾತ್ರವನ್ನು ಅನಿಮೇಟರ್ ಗೆಳೆಯನ ಕೈಗೆ ಕೊಟ್ಟೆ. ಆತ ಅಜ್ಜಿಯಿಂದ ಒಮ್ಮೆ ಕಣ್ಣು ಮಿಟುಕಿಸಲು ನೋಡಿದ. ರೆಪ್ಪೆ ಅರ್ಧ ಇಳಿಯುವಷ್ಟರಲ್ಲಿ ಕಣ್ಣಗುಡ್ಡೆ ಅದನ್ನು ತೂರಿಕೊಂಡು ಹೊರಗೆ ಬಂತು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಆತನ ಇನ್ನೊಂದು ಮಾತು: ಹತ್ತು ಅಡಿ ದೂರ ನಿಂತು ನೋಡಿದರೆ ಅದು ಅಜ್ಜಿಯಲ್ಲ, ಮುಖಕ್ಕೆ ಗೆರೆ ಎಳೆದುಕೊಂಡ ಹುಡುಗಿ. ವಯಸ್ಸು ಆಕಾರದಲ್ಲಿ ಇರಲಿಲ್ಲ, ಮೇಲ್ಮೈಯ ಗೀಚಿನಲ್ಲಷ್ಟೇ ಇತ್ತು.

ಶೈಲೀಕೃತ ಪಾತ್ರವೆಂದರೆ ನಿಜದ ಅಳತೆಗಳನ್ನು ಬೇಕೆಂದೇ ಮುರಿದು, ಕೆಲವನ್ನು ಹಿಗ್ಗಿಸಿ, ಕೆಲವನ್ನು ಕುಗ್ಗಿಸಿ, ಉಳಿದದ್ದನ್ನು ಬಿಟ್ಟುಬಿಟ್ಟ ಪಾತ್ರ. ಇದು ನಮಗೆ ಹೊಸದೇನಲ್ಲ. ತೊಗಲುಗೊಂಬೆಯ ಪಕ್ಕನೋಟದ ಮುಖದಲ್ಲಿ ಅಷ್ಟು ದೊಡ್ಡ ಕಣ್ಣು ಕೂರಿಸಿದವರು ಇದೇ ಕೆಲಸ ಮಾಡಿದ್ದರು. ಈ ಲೇಖನದಲ್ಲಿ ಇಳಕಲ್ ಸೀರೆ ಉಟ್ಟು ತಲೆಯ ಮೇಲೆ ಸೆರಗು ಹೊದ್ದ ಅಜ್ಜಿಯೊಬ್ಬಳನ್ನು ಮೊದಲ ಗೆರೆಯಿಂದ ಕೊನೆಯ ಬಣ್ಣದವರೆಗೆ ಕಟ್ಟೋಣ. ಉಚಿತವಾಗಿ ಸಿಗುವ ಬ್ಲೆಂಡರ್ ತಂತ್ರಾಂಶದ 4.0 ಅಥವಾ ಅದರ ನಂತರದ ಆವೃತ್ತಿ ನಿಮ್ಮ ಬಳಿ ಇದೆಯೆಂದೂ, ಮೆಶ್ ಎಂದರೇನು, ಎಡಿಟ್ ಮೋಡ್ ಎಲ್ಲಿದೆ ಎಂಬಷ್ಟು ಪರಿಚಯ ಇದೆಯೆಂದೂ ಭಾವಿಸಿದ್ದೇನೆ.

ಅಳತೆ ಮತ್ತು ಹೊರಗೆರೆ

ಕಂಪ್ಯೂಟರ್ ತೆರೆಯುವ ಮೊದಲು ಕಾಗದದ ಮೇಲೆ ಬರೆಯಿರಿ. ವಯಸ್ಕ ಮನುಷ್ಯರ ಎತ್ತರ ಅವರ ತಲೆಯ ಏಳರಿಂದ ಏಳೂವರೆ ಪಟ್ಟು ಇರುತ್ತದೆ. ನಮ್ಮ ಅಜ್ಜಿಗೆ ಮೂರೂವರೆ ಪಟ್ಟು ಸಾಕು. ಒಟ್ಟು ಎತ್ತರ 1.4 ಮೀಟರ್ ಎಂದಿಟ್ಟುಕೊಂಡರೆ ತಲೆಯೊಂದೇ 40 ಸೆಂಟಿಮೀಟರ್ ಆಗುತ್ತದೆ. ಬ್ಲೆಂಡರ್‌ನ ಒಂದು ಯೂನಿಟ್ ಒಂದು ಮೀಟರ್ ಆಗಿರುವುದರಿಂದ ಈ ಅಳತೆಯನ್ನು ಆರಂಭದಲ್ಲಿಯೇ ಸರಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಹದಿನಾಲ್ಕು ಮೀಟರ್ ಎತ್ತರದ ಅಜ್ಜಿಯನ್ನು ಕಟ್ಟಿಬಿಟ್ಟರೆ ಚರ್ಮದ ಶೇಡಿಂಗ್‌ಗೆ, ಅಂದರೆ ಮೇಲ್ಮೈಯ ಬಣ್ಣ ಮತ್ತು ಹೊಳಪು ಬೆಳಕಿಗೆ ಹೇಗೆ ಕಾಣಬೇಕೆಂದು ಹೊಂದಿಸುವ ಹಂತಕ್ಕೆ, ಬಂದಾಗ ಯಾವ ಅಂಕಿಯೂ ಹೊಂದಿಕೊಳ್ಳದೆ ತಲೆ ಚಿಟ್ಟು ಹಿಡಿಯುತ್ತದೆ.

ಇಡೀ ದೇಹವನ್ನು ಎರಡೇ ಆಕಾರಗಳಲ್ಲಿ ಹೇಳಲು ಯತ್ನಿಸಿ. ನನ್ನ ಅಜ್ಜಿ ಗುಡಾಣದ ಮೇಲೆ ಇಟ್ಟ ಗಡಿಗೆ. ಗುಡಾಣ ನೆಲದ ಕಡೆ ಅಗಲ, ಹೆಗಲ ಕಡೆ ಸಪೂರ. ಗಡಿಗೆ ತುಸು ಮುಂದಕ್ಕೆ ಬಾಗಿದೆ, ಅಷ್ಟರಿಂದಲೇ ಗೂನು ಬಂದುಬಿಡುತ್ತದೆ. ಆಮೇಲೆ ಒಂದು, ಒಂದೇ ಒಂದು ಅಂಗವನ್ನು ಅತಿಯಾಗಿಸಿ. ನಾನು ಆರಿಸಿಕೊಂಡದ್ದು ಕೈಗಳನ್ನು. ಜೀವಮಾನವಿಡೀ ಜೋಳದ ರೊಟ್ಟಿ ತಟ್ಟಿದ ಕೈಗಳು ದೊಡ್ಡವಾಗಿ, ಬೆರಳುಗಳು ಮೊಂಡಾಗಿ ಇರಲಿ. ಅಂಗೈ ಬಿಚ್ಚಿದರೆ ಗಲ್ಲದಿಂದ ಹುಬ್ಬಿನವರೆಗೆ ಮುಖ ಮುಚ್ಚಬೇಕು. ಕಣ್ಣೂ ದೊಡ್ಡದು, ಮೂಗೂ ದೊಡ್ಡದು, ಕಿವಿಯೂ ದೊಡ್ಡದು ಎಂದು ಹೊರಟರೆ ಎಲ್ಲವೂ ಒಂದೇ ದನಿಯಲ್ಲಿ ಕೂಗತೊಡಗಿ ಯಾವುದೂ ಕೇಳಿಸುವುದಿಲ್ಲ.

ಚಿತ್ರ ಮುಗಿದ ಮೇಲೆ ಅದರ ಒಳಗನ್ನೆಲ್ಲ ಕಪ್ಪು ತುಂಬಿ, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಆ ಕಪ್ಪು ಮಚ್ಚೆಯಲ್ಲಿಯೇ ತಲೆಯ ಮೇಲಿನ ಸೆರಗು, ಬಾಗಿದ ಬೆನ್ನು, ದೊಡ್ಡ ಕೈ ಮೂರೂ ಗೊತ್ತಾಗಬೇಕು. ಗೊತ್ತಾಗದಿದ್ದರೆ ಮತ್ತೆ ಬರೆಯಿರಿ, ಏಕೆಂದರೆ ಇಲ್ಲಿ ಹತ್ತು ನಿಮಿಷದಲ್ಲಿ ಸರಿಯಾಗುವ ತಪ್ಪಿಗೆ ಮುಂದೆ ಮೂರು ದಿನ ಬೇಕಾಗುತ್ತದೆ. ಒಪ್ಪಿಗೆಯಾದ ಚಿತ್ರದ ಮುಂನೋಟ ಮತ್ತು ಪಕ್ಕನೋಟಗಳನ್ನು ಒಂದೇ ಎತ್ತರಕ್ಕೆ ಹೊಂದಿಸಿ, ಬ್ಲೆಂಡರ್‌ನಲ್ಲಿ ರೆಫರೆನ್ಸ್ ಚಿತ್ರಗಳಾಗಿ ತಂದುಕೊಳ್ಳಿ. ತೋಳುಗಳು ನೇರ ಅಡ್ಡಕ್ಕೆ ಚಾಚಿರುವುದಕ್ಕಿಂತ ಸುಮಾರು 45 ಡಿಗ್ರಿ ಕೆಳಗೆ ಇಳಿದಿದ್ದರೆ ಹೆಗಲಿನ ಆಕಾರ ಕೆಡುವುದಿಲ್ಲ. ಮೊಣಕೈ, ಮೊಣಕಾಲುಗಳನ್ನು ಕೂದಲೆಳೆಯಷ್ಟಾದರೂ ಬಾಗಿಸಿ. ರಿಗ್ ಮಾಡುವವರಿಗೆ, ಅಂದರೆ ಪಾತ್ರ ಚಲಿಸುವಂತೆ ಅದರೊಳಗೆ ಮೂಳೆಗಳನ್ನು ಕೂರಿಸುವವರಿಗೆ, ಕೀಲು ಯಾವ ಕಡೆ ಮಡಿಯಬೇಕೆಂಬ ಸೂಚನೆ ಅದರಿಂದಲೇ ಸಿಗುತ್ತದೆ.

ಒರಟು ಗೊಂಬೆ

ಈಗ ಮೂಲ ಆಕಾರಗಳನ್ನು ಜೋಡಿಸುವ ಕೆಲಸ. ತಲೆಗೆ ಗೋಳ, ಮೈಗೆ ಇನ್ನೊಂದು ಗೋಳ, ತೋಳು ಮತ್ತು ಕಾಲಿಗೆ ಸಿಲಿಂಡರ್, ಬೆರಳುಗಳಿಗೆ ಚಿಕ್ಕ ಸಿಲಿಂಡರ್. ಒಂದು ಬದಿಯನ್ನು ಇನ್ನೊಂದು ಬದಿಗೆ ಪ್ರತಿಬಿಂಬಿಸುವ ಮಿರರ್ ಮಾಡಿಫೈಯರ್ ಹಾಕಿ ಒಂದೇ ಬದಿ ಕೆಲಸ ಮಾಡಿ, ಅದರ ಕ್ಲಿಪ್ಪಿಂಗ್ ಆಯ್ಕೆಯನ್ನು ಚಾಲೂ ಇಡಿ. ಇಲ್ಲವಾದರೆ ನಡುಗೆರೆಯ ಬಿಂದುಗಳು ಅತ್ತಿತ್ತ ಸರಿದು ಮೂಗಿನ ಮೇಲೆ ಸೀಳು ಬೀಳುತ್ತದೆ. ಚಿತ್ರದೊಂದಿಗೆ ಅಳತೆ ಕೂಡಿಬಂದ ಮೇಲೆ ಮಿರರ್ ಅನ್ನು ಅಪ್ಲೈ ಮಾಡಿ, ಎಲ್ಲ ತುಂಡುಗಳನ್ನು ಸೇರಿಸಿ, ಸ್ಕಲ್ಪ್ಟ್ ಮೋಡ್‌ಗೆ ಹೋಗಿ ವಾಕ್ಸೆಲ್ ರೀಮೆಶ್ (ಇಡೀ ಆಕಾರವನ್ನು ಒಂದೇ ಅಳತೆಯ ಸಣ್ಣ ಚೌಕಗಳಿಂದ ಮತ್ತೆ ಹೆಣೆಯುವುದು) ಮಾಡಿದರೆ ಅವೆಲ್ಲ ಒಂದೇ ಮುದ್ದೆಯಾಗುತ್ತವೆ. ವಾಕ್ಸೆಲ್ ಅಳತೆ ಆರಂಭದಲ್ಲಿ 0.02 ಮೀಟರ್ ಇರಲಿ. ಮುಂದಿನ ಒಂದು ಗಂಟೆ ಗ್ರ್ಯಾಬ್ ಮತ್ತು ಸ್ಮೂತ್ ಎಂಬ ಎರಡು ಬ್ರಷ್‌ಗಳನ್ನು ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಮೆಶ್ ಒರಟಾಗಿರುವಾಗ ಆಕಾರ ಬಿಟ್ಟು ಬೇರೇನೂ ಮಾಡಲು ಬರುವುದಿಲ್ಲ, ಅದೇ ಅದರ ಲಾಭ.

ವಯಸ್ಸನ್ನು ತರಬೇಕಾದ ಜಾಗ ಇದೇ. ಮುಪ್ಪಿನಲ್ಲಿ ಮುಖದ ಭಾರವೆಲ್ಲ ಕೆಳಕ್ಕೆ ಇಳಿಯುತ್ತದೆ: ಮೂಗಿನ ತುದಿ ಜೋಲುತ್ತದೆ, ಬೆಂಡೋಲೆಯ ಭಾರಕ್ಕೆ ಕಿವಿಯ ಹಾಲೆ ಉದ್ದವಾಗುತ್ತದೆ, ಕೆನ್ನೆಯ ತುಂಬು ಗಲ್ಲದ ಎರಡು ಬದಿಗೆ ಬಂದು ಕೂರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಬಾಯಿ. ಹಲ್ಲುಗಳು ಉದುರಿದ ಮೇಲೆ ತುಟಿಗಳಿಗೆ ಹಿಂದಿನಿಂದ ಆಸರೆ ಇಲ್ಲದೆ ಅವು ಒಳಕ್ಕೆ ಮಡಿಯುತ್ತವೆ, ಗಲ್ಲ ಮೇಲೆದ್ದು ಮೂಗಿಗೆ ಹತ್ತಿರವಾಗುತ್ತದೆ, ಮುಖದ ಕೆಳಗಿನ ಮೂರನೆಯ ಭಾಗ ಗಿಡ್ಡವಾಗುತ್ತದೆ. ಪಕ್ಕನೋಟದಲ್ಲಿ ಈ ಒಂದು ಬದಲಾವಣೆಯನ್ನು ಸರಿಯಾಗಿ ತಂದರೆ ಒಂದೇ ಒಂದು ಸುಕ್ಕಿಲ್ಲದೆಯೂ ಆಕೆ ಎಂಬತ್ತರ ಅಜ್ಜಿಯಾಗುತ್ತಾಳೆ. ನಂಬಿಕೆ ಬಾರದಿದ್ದರೆ ಕೆಳತುಟಿಯನ್ನು ಗ್ರ್ಯಾಬ್ ಬ್ರಷ್‌ನಿಂದ ಎರಡು ಸೆಂಟಿಮೀಟರ್ ಒಳಕ್ಕೆ ತಳ್ಳಿ, ಗಲ್ಲವನ್ನು ಅಷ್ಟೇ ಮೇಲಕ್ಕೆ ಎತ್ತಿ ನೋಡಿ.

ಆನಂತರ ವಾಕ್ಸೆಲ್ ಅಳತೆಯನ್ನು 0.008ಕ್ಕೆ ಇಳಿಸಿ, ಕಣ್ಣಿನ ಗೂಡು, ಮೂಗಿನ ಹೊಳ್ಳೆ, ಬೆರಳ ಗೆಣ್ಣುಗಳನ್ನು ತಿದ್ದಬಹುದು. ಸುಕ್ಕುಗಳಲ್ಲಿ ಮೂರು ಬಗೆಯವನ್ನು ಮಾತ್ರ ಉಳಿಸಿಕೊಳ್ಳಿ: ಮೂಗಿನ ಪಕ್ಕದಿಂದ ಬಾಯಿಯ ಕೊನೆಗೆ ಇಳಿಯುವ ಮಡಿಕೆ, ಕಣ್ಣಂಚಿನಲ್ಲಿ ಬೀಸಣಿಗೆಯಂತೆ ಹರಡುವ ಮೂರು ಗೆರೆ, ಹಣೆಯ ಮೇಲೆ ಎರಡು. ಇವು ನಗುವಾಗ, ಹುಬ್ಬೇರಿಸುವಾಗ ನಿಜಕ್ಕೂ ಚಲಿಸುವ ಮಡಿಕೆಗಳು. ಉಳಿದ ಗೆರೆಗಳು ಅಭಿನಯಕ್ಕೆ ಯಾವ ಸಹಾಯವನ್ನೂ ಮಾಡುವುದಿಲ್ಲ.

ಚಲಿಸಲು ಬರುವ ಚರ್ಮ

ಸ್ಕಲ್ಪ್ಟ್ ಮಾಡಿದ ಮುದ್ದೆಯಲ್ಲಿ ಹತ್ತಾರು ಸಾವಿರ ಮುಖಗಳು (ಫೇಸ್, ಅಂದರೆ ಮೆಶ್‌ನ ಒಂದೊಂದು ಚಪ್ಪಟೆ ತುಂಡು) ಇರುತ್ತವೆ, ಅವು ಯಾವ ಕ್ರಮದಲ್ಲಿಯೂ ಇರುವುದಿಲ್ಲ. ಅದನ್ನು ಹಾಗೆಯೇ ರಿಗ್ ಮಾಡಿದರೆ ಮೊಣಕೈ ಮಡಿದಾಗ ಹಿಸುಕಿದ ಕಾಗದದಂತೆ ಕಾಣುತ್ತದೆ. ಅದರ ಮೇಲೆ ಕಡಿಮೆ ಚೌಕಗಳಿರುವ ಹೊಸ ಚರ್ಮವನ್ನು ಹೊದಿಸುವ ಕೆಲಸಕ್ಕೆ ರೀಟೋಪೋಲಜಿ ಎನ್ನುತ್ತಾರೆ. ಬೇಸರದ ಕೆಲಸವೆಂಬುದು ನಿಜ, ಆದರೆ ಪಾತ್ರದ ಹಣೆಬರಹ ನಿರ್ಧಾರವಾಗುವುದು ಇಲ್ಲಿಯೇ.

ಕಡಿಮೆ ಚೌಕಗಳ ಮೆಶ್ ಅನ್ನು ಮತ್ತೆ ಮತ್ತೆ ಒಡೆದು ನುಣುಪಾಗಿಸುವ ಸಬ್‌ಡಿವಿಷನ್ ವಿಧಾನವನ್ನು ಎಡ್ವಿನ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲಿ ಪ್ರಕಟಿಸಿದರು. ಪಿಕ್ಸಾರ್ ಅದನ್ನು ಪಾತ್ರವೊಂದರ ಚರ್ಮ ಮತ್ತು ಬಟ್ಟೆಗಳಿಗೆ ಬಳಸಿ ತೋರಿಸಿದ್ದು 1997ರ 'ಗೆರೀಸ್ ಗೇಮ್' ಕಿರುಚಿತ್ರದಲ್ಲಿ; ಅಲ್ಲಿಯ ಪಾತ್ರವೂ ಒಬ್ಬ ಮುದುಕ ಎಂಬುದು ನಮ್ಮ ಅಜ್ಜಿಗೆ ಒದಗಿಬಂದ ನೆಂಟಸ್ತಿಕೆ. ಈ ವಿಧಾನ ನಾಲ್ಕು ಅಂಚಿನ ಚೌಕಗಳನ್ನು ಇಷ್ಟಪಡುತ್ತದೆ. ತ್ರಿಕೋನಗಳಿದ್ದರೆ ನುಣುಪಾದ ಕೆನ್ನೆಯ ಮೇಲೆ ಚಿವುಟಿದಂಥ ಗುರುತು ಮೂಡುತ್ತದೆ. ಆದ್ದರಿಂದ ಇಡೀ ಚರ್ಮ ಚೌಕಗಳಿಂದಲೇ ಆಗಿರಲಿ. ಸಬ್‌ಡಿವಿಷನ್ ಇಲ್ಲದೆ ತಲೆ, ಕೈ, ಪಾದ ಎಲ್ಲ ಸೇರಿ ಆರೇಳು ಸಾವಿರ ಚೌಕಗಳು ಇಂಥ ಪಾತ್ರಕ್ಕೆ ಧಾರಾಳವಾಯಿತು.

ಹೊಸ ಮೆಶ್‌ಗೆ ಶ್ರಿಂಕ್‌ರ‍್ಯಾಪ್ ಮಾಡಿಫೈಯರ್ ಹಾಕಿ, ಸ್ನ್ಯಾಪಿಂಗ್ ಅನ್ನು ಫೇಸ್‌ಗೆ ಹೊಂದಿಸಿದರೆ ನೀವು ಇಡುವ ಪ್ರತಿ ಬಿಂದುವೂ ಹಳೆಯ ಮುದ್ದೆಯ ಮೈಗೆ ಅಂಟಿಕೊಳ್ಳುತ್ತದೆ. ಮುಖದಲ್ಲಿ ಮೊದಲು ಉಂಗುರಗಳನ್ನು ಹಾಕಿ: ಕಣ್ಣಿನ ಸುತ್ತ ಐದಾರು, ಬಾಯಿಯ ಸುತ್ತ ಅಷ್ಟೇ, ಆಮೇಲೆ ಮೂಗಿನ ಮೇಲಿನಿಂದ ಹೊರಟು ಕೆನ್ನೆಯ ಮಡಿಕೆಯಗುಂಟ ಗಲ್ಲದ ಕೆಳಗೆ ಹಾದು ಇನ್ನೊಂದು ಬದಿ ಏರುವ ದೊಡ್ಡ ಉಂಗುರ. ಮೂಗಿನ ಪಕ್ಕದಿಂದ ಇಳಿಯುವ, ನಾವು ಉಳಿಸಿಕೊಂಡ ಸುಕ್ಕು ಈ ದೊಡ್ಡ ಉಂಗುರದ ಮೇಲೆಯೇ ಬರಬೇಕು. ಉಂಗುರಗಳ ನಡುವಿನ ಜಾಗವನ್ನು ತುಂಬುವಾಗ ಐದು ಅಂಚುಗಳು ಕೂಡುವ ಬಿಂದುಗಳು ಅನಿವಾರ್ಯವಾಗಿ ಹುಟ್ಟುತ್ತವೆ. ಅವನ್ನು ಕೆನ್ನೆಯ ಮೂಳೆಯ ಹೊರಬದಿಗೋ ದವಡೆಯ ಕೆಳಗೋ ತಳ್ಳಿ, ಬಾಯಿಯ ಕೊನೆಯಲ್ಲಿ ಮಾತ್ರ ಬಿಡಬೇಡಿ. ಮೊಣಕೈ, ಮೊಣಕಾಲು, ಬೆರಳಿನ ಪ್ರತಿ ಗೆಣ್ಣಿಗೆ ಕನಿಷ್ಠ ಮೂರು ಅಡ್ಡ ಉಂಗುರಗಳು ಬೇಕು. ಸೀರೆಯೊಳಗೆ ಅಡಗುವ ಮೈಯನ್ನು ವಿವರವಾಗಿ ಮಾಡುವ ಅಗತ್ಯವಿಲ್ಲ. ಎಷ್ಟೋ ಬಾರಿ ಆ ಭಾಗವನ್ನು ಅಳಿಸಿಯೇ ಬಿಡುತ್ತೇವೆ.

ಇನ್ನು ನನ್ನ ಗೆಳೆಯನನ್ನು ಕಾಡಿದ ಆ ಕಣ್ಣುರೆಪ್ಪೆಯ ವಿಷಯ. ನಮ್ಮ ಅಜ್ಜಿಯ ಕಣ್ಣಗುಡ್ಡೆಯ ತ್ರಿಜ್ಯ 4 ಸೆಂಟಿಮೀಟರ್ ಎನ್ನಿ. ಕಣ್ಣು ಮುಚ್ಚುವಾಗ ಮೇಲಿನ ರೆಪ್ಪೆ ಗುಡ್ಡೆಯ ಮೇಲೆ ಸುಮಾರು 60 ಡಿಗ್ರಿ ಜಾರಬೇಕು. ಶೇಪ್ ಕೀ (ಮೆಶ್‌ನ ಇನ್ನೊಂದು ಆಕಾರವನ್ನು ಉಳಿಸಿಟ್ಟು ಅದಕ್ಕೆ ಸರಿಯುವ ವಿಧಾನ) ಬಳಸಿದರೆ ತಂತ್ರಾಂಶ ಪ್ರತಿ ಬಿಂದುವನ್ನೂ ತೆರೆದ ಜಾಗದಿಂದ ಮುಚ್ಚಿದ ಜಾಗಕ್ಕೆ ನೇರ ಗೆರೆಯಲ್ಲಿ ಒಯ್ಯುತ್ತದೆ, ಗೋಳದ ಬಾಗಿನಗುಂಟ ಅಲ್ಲ. ಅರ್ಧ ದಾರಿಯಲ್ಲಿ ಆ ಬಿಂದು ಗುಡ್ಡೆಯ ಕೇಂದ್ರದಿಂದ ಸುಮಾರು 3.46 ಸೆಂಟಿಮೀಟರ್ ದೂರದಲ್ಲಿರುತ್ತದೆ, ಅಂದರೆ ಗುಡ್ಡೆಯ ಮೇಲ್ಮೈಗಿಂತ ಐದು ಮಿಲಿಮೀಟರ್‌ಗೂ ಹೆಚ್ಚು ಒಳಗೆ ಹುದುಗಿರುತ್ತದೆ. ಪೂರ್ತಿ ತೆರೆದಾಗ ಸರಿ, ಪೂರ್ತಿ ಮುಚ್ಚಿದಾಗ ಸರಿ, ನಡುವೆ ಮಾತ್ರ ಗುಡ್ಡೆ ಹೊರಗೆ. ಇದಕ್ಕೆ ಎರಡು ದಾರಿಗಳಿವೆ. ಅರ್ಧ ಮುಚ್ಚಿದ ಸ್ಥಿತಿಗೆ ಇನ್ನೊಂದು ಶೇಪ್ ಕೀ ಮಾಡಿ, ಅದು ನಡುದಾರಿಯಲ್ಲಿ ಮಾತ್ರ ಪೂರ್ತಿ ಜಾರಿಯಾಗುವಂತೆ ಡ್ರೈವರ್ (ಒಂದು ಅಂಕಿಯಿಂದ ಇನ್ನೊಂದನ್ನು ನಡೆಸುವ ಸೂತ್ರ) ಹಾಕುವುದು ಒಂದು. ಗುಡ್ಡೆಯ ಕೇಂದ್ರದಲ್ಲಿ ಬೇರೂರಿದ ಮೂಳೆಯಿಂದ ರೆಪ್ಪೆಯನ್ನು ತಿರುಗಿಸುವುದು ಇನ್ನೊಂದು. ದೊಡ್ಡ ದುಂಡು ಕಣ್ಣುಗಳಿಗೆ ಎರಡನೆಯದೇ ಮೇಲು. ಯಾವುದನ್ನೇ ಆರಿಸಿದರೂ ರೆಪ್ಪೆಗೆ ಸಾಕಷ್ಟು ದಪ್ಪ ಅಂಚು ಕೊಟ್ಟಿರಬೇಕು. ಕಾಗದದಷ್ಟು ತೆಳ್ಳಗಿನ ರೆಪ್ಪೆ ಮುಖಕ್ಕೆ ಮುಖವಾಡದ ಕಳೆ ತರುತ್ತದೆ.

ಬಣ್ಣಕ್ಕೆ ಹೋಗುವ ಮುನ್ನ ನಾಲ್ಕು ಪರೀಕ್ಷೆಗಳನ್ನು ಮಾಡಿ: ಕಣ್ಣು ಮುಚ್ಚಿಸಿ, ನಗಿಸಿ, 'ಮ' ಎನ್ನುವಂತೆ ತುಟಿ ಕೂಡಿಸಿ, 'ಆ' ಎನ್ನುವಂತೆ ಬಾಯಿ ತೆರೆಸಿ. ಪ, ಬ, ಮಗಳಲ್ಲಿ ತುಟಿಗಳು ಪೂರ್ತಿ ಕೂಡದಿದ್ದರೆ ನೋಡುಗರಿಗೆ ಒಡನೆಯೇ ಗೊತ್ತಾಗುತ್ತದೆ. ನಮ್ಮ ಬೊಚ್ಚು ಬಾಯಿಯ ಅಜ್ಜಿಯ ತುಟಿ ಒಳಮಡಿದಿರುವುದರಿಂದ ಇಲ್ಲಿ ಎಡವಟ್ಟಾಗುವ ಸಂಭವ ಇನ್ನೂ ಹೆಚ್ಚು. ಬಾಯಿಯ ಒಳಗನ್ನು ಚೀಲದಂತೆ ಹಿಂದಕ್ಕೆ ಎಳೆದು, ವಸಡು, ನಾಲಿಗೆ ಮತ್ತು ಉಳಿದಿರುವ ಎರಡು ಹಲ್ಲುಗಳನ್ನು ಅದರಲ್ಲಿ ಕೂರಿಸಿ.

ಸೀರೆ

ನೆರಿಗೆಗಳನ್ನು ಬಟ್ಟೆಯ ಸಿಮ್ಯುಲೇಷನ್‌ನಿಂದ ತರಬಹುದೇ ಎಂದು ಹಲವರು ಕೇಳುತ್ತಾರೆ. ತರಬಹುದು, ಆದರೆ ಆಕಾರವನ್ನೆಲ್ಲ ಸರಳಗೊಳಿಸಿದ ಪಾತ್ರದ ಮೇಲೆ ನಿಜದ ಸೀರೆಯ ನೂರಾರು ಸಣ್ಣ ಮಡಿಕೆಗಳು ಬಂದು ಕೂತರೆ ಬೇರೆ ಯಾರದೋ ಬಟ್ಟೆ ತೊಡಿಸಿದಂತಿರುತ್ತದೆ. ನಾನು ಕೈಯಿಂದಲೇ ಐದು ದಪ್ಪ ನೆರಿಗೆಗಳನ್ನು ಮಾಡುತ್ತೇನೆ, ಕೆಳಗೆ ಹೋದಂತೆ ಅವು ಅಗಲವಾಗುತ್ತವೆ. ತಲೆಯ ಮೇಲಿನ ಸೆರಗಿಗೆ ಮೂರು ಮಡಿಕೆ ಸಾಕು. ಬಟ್ಟೆಗೆ ಸಾಲಿಡಿಫೈ ಮಾಡಿಫೈಯರ್‌ನಿಂದ ನಾಲ್ಕೈದು ಮಿಲಿಮೀಟರ್ ದಪ್ಪ ಕೊಡಿ. ಅದಕ್ಕೂ ಮೊದಲು ಸ್ಕೇಲ್ ಅನ್ನು ಅಪ್ಲೈ ಮಾಡಿರಬೇಕು, ಇಲ್ಲವಾದರೆ ಒಂದು ಕಡೆ ಕಂಬಳಿ, ಇನ್ನೊಂದು ಕಡೆ ಮಲ್ಮಲ್ ಆಗುತ್ತದೆ.

ಮೆಶ್‌ನ ಗೆರೆಗಳು ಹಾಸು ಮತ್ತು ಹೊಕ್ಕಿನ ದಿಕ್ಕಿನಲ್ಲಿಯೇ ಹರಿಯಲಿ. ಆಗ ಯುವಿ ಬಿಡಿಸುವಾಗ, ಅಂದರೆ ಚಿತ್ರ ಅಂಟಿಸಲೆಂದು ಮೆಶ್‌ನ ಮೈಯನ್ನು ಚಪ್ಪಟೆಯಾಗಿ ಹರಡುವಾಗ, ಫಾಲೋ ಆಕ್ಟಿವ್ ಕ್ವಾಡ್ಸ್ ಆಯ್ಕೆಯಿಂದ ಇಡೀ ಸೀರೆ ನೆಲದ ಮೇಲೆ ಹಾಸಿದಂತೆ ನೇರ ಪಟ್ಟಿಯಾಗಿ ಬಿಚ್ಚಿಕೊಳ್ಳುತ್ತದೆ, ಅಂಚು ಒಂದೇ ನೇರದಲ್ಲಿ ನಿಲ್ಲುತ್ತದೆ. ಅದನ್ನು ಚಿತ್ರವಾಗಿ ಬರೆದು ಅಂಟಿಸಿದರೆ ನೆರಿಗೆಗಳ ಬುಡದಲ್ಲಿ ಅಂಚು ತಾನಾಗಿಯೇ ಅಂಕುಡೊಂಕಾಗಿ ಮಡಿಯುತ್ತದೆ. ನಿಜದ ಅಳತೆಯ ಅಂಚು, ತೆನೆಗಳು ಈ ದಪ್ಪ ಗೊಂಬೆಯ ಮೇಲೆ ಧೂಳಿನಂತೆ ಕಾಣುತ್ತವೆ. ಅವನ್ನು ಮೂರು ಪಟ್ಟು ಹಿಗ್ಗಿಸಿ, ಸಂಖ್ಯೆ ಕಡಿಮೆ ಮಾಡಿ.

ಇಳಕಲ್ ಸೀರೆಯನ್ನು ಆರಿಸಿಕೊಂಡದ್ದಕ್ಕೆ ಶೇಡಿಂಗ್‌ಗೆ ಸಂಬಂಧಿಸಿದ ಕಾರಣವೊಂದಿದೆ. ಇದರ ಒಡಲು ಸಾಂಪ್ರದಾಯಿಕವಾಗಿ ಹತ್ತಿಯದು, ಸೆರಗು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸುತ್ತಾರೆ. ಆ ಜೋಡಣೆಗೆ ಕೊಂಡಿ ಎಂದು ಹೆಸರು. ಅಂದರೆ ಒಂದೇ ಸೀರೆಯಲ್ಲಿ ಎರಡು ಬೇರೆ ಬೇರೆ ಹೊಳಪುಗಳು, ಅವುಗಳ ನಡುವೆ ಚೂಪಾದ ಗಡಿ. ಆದ್ದರಿಂದ ಎರಡು ಮೆಟೀರಿಯಲ್ ಮಾಡಿ. ಒಡಲಿಗೆ ರಫ್‌ನೆಸ್ (ಮೇಲ್ಮೈಯ ಒರಟುತನ, ಅಂಕಿ ಏರಿದಷ್ಟೂ ಹೊಳಪು ಮಂಕು) 0.8, ಜೊತೆಗೆ ಅಂಚುಗಳಲ್ಲಿ ಹತ್ತಿಯ ನವಿರು ತೋರುವಂತೆ ತುಸು ಶೀನ್. ಸೆರಗಿಗೆ ರಫ್‌ನೆಸ್ 0.35, ಎಳೆಯ ದಿಕ್ಕಿಗೆ ಹೊಳಪು ಚಾಚಿಕೊಳ್ಳುವಂತೆ ಅನಿಸೊಟ್ರೊಪಿಕ್ 0.5ರಷ್ಟು. ಗಡಿಯನ್ನು ಮಸುಕು ಮಾಡಬೇಡಿ, ಮಗ್ಗದ ಮೇಲೆ ಅದು ಮಸುಕಾಗಿ ಹುಟ್ಟುವುದಿಲ್ಲ. ತಲೆಯ ಮೇಲೆ ಕೆಂಪು ಸೆರಗು ಹೊಳೆಯುತ್ತ, ಕೆಳಗೆ ಕಡುನೀಲಿ ಒಡಲು ಬೆಳಕನ್ನು ಹೀರುತ್ತ ನಿಂತರೆ ನೋಡುಗರ ಕಣ್ಣು ತಾನಾಗಿ ಅಜ್ಜಿಯ ಮುಖಕ್ಕೆ ಹೋಗುತ್ತದೆ. ಖಣದ ಕುಪ್ಪಸ ಕಾಣುವುದು ತೋಳಿನ ಬಳಿ ಮಾತ್ರವಾದ್ದರಿಂದ ಅದಕ್ಕೆ ಸಣ್ಣದೊಂದು ಮರುಕಳಿಸುವ ನಮೂನೆ ಸಾಕು.

ಕಂದು ಚರ್ಮದ ಲೆಕ್ಕ

ಅಂತರ್ಜಾಲದಲ್ಲಿ ಸಿಗುವ ಚರ್ಮದ ಶೇಡಿಂಗ್ ಪಾಠಗಳಲ್ಲಿ ಹೆಚ್ಚಿನವು ಗುಲಾಬಿ ಬಣ್ಣದ ಚರ್ಮವನ್ನು ಎದುರಿಗಿಟ್ಟುಕೊಂಡವು. ಅದೇ ಅಂಕಿಗಳನ್ನು ಉಳಿಸಿಕೊಂಡು ಬಣ್ಣವನ್ನಷ್ಟೇ ಕಂದಾಗಿಸಿದರೆ ಅಜ್ಜಿ ಚಾಕೊಲೇಟ್‌ನಲ್ಲಿ ಎರಕ ಹೊಯ್ದಂತೆ ಕಾಣುತ್ತಾಳೆ. ಹೀಗೇಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಬ್ಲೆಂಡರ್‌ನ ಪ್ರಿನ್ಸಿಪಲ್ಡ್ ಬಿಎಸ್‌ಡಿಎಫ್ ಎಂಬ ಶೇಡರ್, ಡಿಸ್ನಿಯ ಬ್ರೆಂಟ್ ಬರ್ಲಿ 2012ರಲ್ಲಿ ಮಂಡಿಸಿದ ಮಾದರಿಯಿಂದ ಬೆಳೆದದ್ದು. ಇದರಲ್ಲಿ ಚರ್ಮದಿಂದ ಕಣ್ಣಿಗೆ ಬರುವ ಬೆಳಕು ಎರಡು ಪಾಲಿನದು: ಚರ್ಮದೊಳಗೆ ಹೊಕ್ಕು ಚದುರಿ ಬಣ್ಣ ಪಡೆದು ಹೊರಬರುವುದು ಒಂದು, ಮೇಲ್ಮೈಯಲ್ಲಿಯೇ ಪುಟಿದು ಬರುವ ಹೊಳಪು ಇನ್ನೊಂದು. ಚರ್ಮದ ವಕ್ರೀಭವನ ಸೂಚಿ, ಅಂದರೆ ಐಒಆರ್, ಸುಮಾರು 1.4, ಅದರಂತೆ ನೇರವಾಗಿ ಬೀಳುವ ಬೆಳಕಿನಲ್ಲಿ ನೂರಕ್ಕೆ ಮೂರರಷ್ಟು ಹೊಳಪಾಗಿ ಮರಳುತ್ತದೆ. ಈ ಮೂರು ಬಿಳಿ ಚರ್ಮಕ್ಕೂ ಕಂದು ಚರ್ಮಕ್ಕೂ ಒಂದೇ. ಬದಲಾಗುವುದು ಮೊದಲನೆಯ ಪಾಲು. ತಿಳಿಚರ್ಮ ನೂರಕ್ಕೆ ಅರವತ್ತನ್ನು ಚದುರಿಸಿ ಮರಳಿಸಿದರೆ ಹೊಳಪು ಅದರ ಇಪ್ಪತ್ತನೆಯ ಒಂದು ಪಾಲು. ಮೆಲನಿನ್ ಹೆಚ್ಚಿರುವ ಚರ್ಮ ಹದಿನೈದನ್ನಷ್ಟೇ ಮರಳಿಸಿದರೆ ಅದೇ ಹೊಳಪು ಐದನೆಯ ಒಂದು ಪಾಲಾಗುತ್ತದೆ. ಆದ್ದರಿಂದ ಕಂದು ಮುಖದ ಏರಿಳಿತವನ್ನು ಕಣ್ಣು ಓದುವುದು ಬಹುಪಾಲು ಹೊಳಪಿನಿಂದ. ತಿಳಿಚರ್ಮದ ಪಾಠದಲ್ಲಿ ಗಂಟೆಗಟ್ಟಲೆ ಒಳಚದುರಿಕೆಯ ಮೇಲೆ ಕಳೆಯುವ ಸಮಯವನ್ನು ನಾವು ರಫ್‌ನೆಸ್ ಚಿತ್ರದ ಮೇಲೆ ಕಳೆಯಬೇಕು.

ಬೇಸ್ ಕಲರ್‌ಗೆ ಕೆಂಪು 0.26, ಹಸಿರು 0.10, ನೀಲಿ 0.05 ಎಂದು ಆರಂಭಿಸಿ. ಕಿವಿಯ ಅಂಚು, ಮೂಗಿನ ತುದಿ, ಕೆನ್ನೆಯ ಮೇಲೆ ಹಸಿರನ್ನು ತುಸು ತಗ್ಗಿಸಿದರೆ ರಕ್ತದ ಬಿಸಿ ಕಾಣುತ್ತದೆ. ಕಣ್ಣಿನ ಸುತ್ತ, ಗೆಣ್ಣುಗಳ ಮೇಲೆ, ಕತ್ತಿನ ಮಡಿಕೆಯಲ್ಲಿ ಇಡೀ ಬಣ್ಣವನ್ನೇ ಮೂರನೆಯ ಒಂದು ಪಾಲು ಕಪ್ಪಾಗಿಸಿ. ಅಂಗೈ ಮತ್ತು ಉಗುರಿನ ಅಡಿ ತಿಳಿಯಾಗಿರಬೇಕು. ಕೈಗಳನ್ನೇ ದೊಡ್ಡದಾಗಿಸಿರುವ ನಮ್ಮ ಪಾತ್ರದಲ್ಲಿ ಅಂಗೈ ಮತ್ತು ಮುಂಗೈಗೆ ಒಂದೇ ಬಣ್ಣ ಬಳಿದರೆ ಕೈಗವಸಿನಂತೆ ಕಾಣುತ್ತದೆ. ಎಲೆ ಅಡಿಕೆ ಹಾಕುವ ಅಜ್ಜಿಯಾದರೆ ತುಟಿಯ ಒಳ ಅಂಚಿನಲ್ಲಿ ಮಾತ್ರ ಕೆಂಪಿರಲಿ, ತುಟಿ ತುಂಬ ಬಳಿದರೆ ಲಿಪ್‌ಸ್ಟಿಕ್ ಆಗಿಬಿಡುತ್ತದೆ.

ರಫ್‌ನೆಸ್ ಚಿತ್ರವನ್ನು ಕಪ್ಪುಬಿಳುಪಿನಲ್ಲಿ ಬರೆಯಿರಿ: ಮೂಗಿನ ತುದಿ, ಹಣೆಯ ನಡು, ಕೆಳತುಟಿ 0.35, ಕೆನ್ನೆ 0.5, ಕತ್ತು, ಮೊಣಕೈ 0.65, ಕುಂಕುಮ 0.9, ಅದು ಪುಡಿಯಾದ್ದರಿಂದ ಹೊಳೆಯಬಾರದು. ಈ ಚಿತ್ರವನ್ನು ನೋಡ್‌ಗೆ ಜೋಡಿಸುವಾಗ ಅದರ ಕಲರ್ ಸ್ಪೇಸ್ ಅನ್ನು ನಾನ್‌ಕಲರ್ ಎಂದು ಬದಲಿಸಲು ಮರೆಯಬೇಡಿ. ಮರೆತರೆ 0.5 ಎಂದು ಬರೆದದ್ದನ್ನು ತಂತ್ರಾಂಶ 0.21 ಎಂದು ಓದುತ್ತದೆ, ಅಜ್ಜಿಯ ಮುಖ ಎಣ್ಣೆ ಸುರಿದಂತೆ ಮಿರುಗುತ್ತದೆ, ತಪ್ಪು ಎಲ್ಲಿದೆ ಎಂದು ಅರ್ಧ ದಿನ ಹುಡುಕುತ್ತೀರಿ.

ಒಳಚದುರಿಕೆಯನ್ನು, ಅಂದರೆ ಸಬ್‌ಸರ್ಫೇಸ್ ಅನ್ನು, ಪೂರ್ತಿ ಬಿಡುವಂತೆಯೂ ಇಲ್ಲ. 4.0ರಿಂದ ಇದರ ಸ್ಕೇಲ್ ಮೊದಲೇ 0.05 ಮೀಟರ್ ಇರುತ್ತದೆ, ಅಂದರೆ 5 ಸೆಂಟಿಮೀಟರ್. ವೆಯ್ಟ್ ಅನ್ನು 1ಕ್ಕೆ ಏರಿಸಿ ಹಿಂದಿನಿಂದ ಒಂದು ದೀಪ ಇಟ್ಟು ನೋಡಿ: ಅಜ್ಜಿಯ ಕಿವಿ ಮೇಣದ ಬತ್ತಿಯಂತೆ ಬೆಳಗುತ್ತದೆ, ಮೂಗಿನ ಪಕ್ಕದ ನೆರಳು ಕರಗಿಹೋಗಿ ನಾವು ಅಷ್ಟು ಕಷ್ಟಪಟ್ಟು ತಂದ ಆಕಾರವೇ ಚಪ್ಪಟೆಯಾಗುತ್ತದೆ. ಸ್ಕೇಲ್ ಅನ್ನು 0.006ರ ಆಸುಪಾಸಿಗೆ ಇಳಿಸಿದರೆ ಕಿವಿಯ ತೆಳು ಅಂಚಿನಲ್ಲಿ, ಮೂಗಿನ ಹೊಳ್ಳೆಯಲ್ಲಿ ಮಾತ್ರ ಕೆಂಪು ಉಳಿದು ಉಳಿದೆಡೆ ನೆರಳು ಗಟ್ಟಿಯಾಗಿ ನಿಲ್ಲುತ್ತದೆ. ಕೆಂಪು ಬೆಳಕು ಹಸಿರು, ನೀಲಿಗಳಿಗಿಂತ ಹೆಚ್ಚು ದೂರ ಚದುರುವುದರಿಂದ ರೇಡಿಯಸ್‌ನ 1, 0.2, 0.1 ಎಂಬ ಅಂಕಿಗಳನ್ನು ಹಾಗೆಯೇ ಬಿಡಬಹುದು.

ಕಣ್ಣು

ಕಣ್ಣನ್ನು ಎರಡು ಪದರದಲ್ಲಿ ಕಟ್ಟಿ. ಹೊರಗಿನದು ಪಾರದರ್ಶಕ ಕಾರ್ನಿಯ, ಮುಂದೆ ತುಸು ಉಬ್ಬಿದ್ದು. ಟ್ರಾನ್ಸ್‌ಮಿಷನ್ 1, ರಫ್‌ನೆಸ್ 0.02, ಐಒಆರ್ 1.376. ಒಳಗಿನದರಲ್ಲಿ ಕಂದು ಪಾಪೆಯ ಭಾಗವನ್ನು ತಟ್ಟೆಯಂತೆ ಒಳಕ್ಕೆ ತಗ್ಗಿಸಿ. ಆಗ ಎಡಮೇಲಿನಿಂದ ಬಂದ ಬೆಳಕಿಗೆ ಕಾರ್ನಿಯದ ಮೇಲೆ ಎಡಮೇಲೆ ಬಿಳಿ ಚುಕ್ಕೆ ಬೀಳುತ್ತದೆ, ಪಾಪೆಯ ತಗ್ಗಿನಲ್ಲಿ ಅದಕ್ಕೆ ಎದುರಾಗಿ ಬಲಗೆಳಗೆ ಬಣ್ಣ ಬೆಳಗುತ್ತದೆ. ಈ ಎದುರುಬದುರಿನಿಂದಲೇ ಕಣ್ಣಿಗೆ ಆಳ ಬರುವುದು. ಕಣ್ಣಿನ ಬಿಳಿ ಭಾಗವನ್ನು ಅಚ್ಚ ಬಿಳಿ ಮಾಡದೆ 0.7ರ ಹತ್ತಿರ, ಹಳದಿಯ ಕಡೆಗೆ ವಾಲಿಸಿ. ಮುಪ್ಪಿನಲ್ಲಿ ಪಾಪೆಯ ಹೊರ ಅಂಚಿನಲ್ಲಿ ಮಸುಕಾದ ಬೂದುನೀಲಿ ಉಂಗುರವೊಂದು ಮೂಡುವುದನ್ನು ಮನೆಯ ಹಿರಿಯರಲ್ಲಿ ನೀವು ಕಂಡಿರಬಹುದು. ಆ ತೆಳು ಉಂಗುರವನ್ನು ಹಾಕಿನೋಡಿ. ನೂರು ಸುಕ್ಕುಗಳಿಂದ ಆಗದ್ದು ಅದೊಂದರಿಂದ ಆಗುತ್ತದೆ.

ಕೂದಲಿಗೆ ಎಳೆ ಎಳೆ ಬೇಡ. ಹೆಚ್ಚಿನದನ್ನು ಸೆರಗು ಮುಚ್ಚಿರುತ್ತದೆ. ಕಾಣುವ ಬೈತಲೆಯ ಎರಡು ಬದಿಗೆ ಗಟ್ಟಿ ಮೆಶ್‌ನಲ್ಲಿ ಅಗಲವಾದ ಗೀರುಗಳನ್ನು ಕೊರೆದು, ಕಿವಿಯ ಬಳಿ ನಾಲ್ಕು ಬಿಡಿ ಎಳೆಗಳನ್ನು ಕರ್ವ್‌ಗಳಿಂದ ಮಾಡಿದರೆ ಮುಗಿಯಿತು.

ಬೆಳಕಿಗೆ ಹಿಡಿದು ನೋಡುವುದು

ಬಣ್ಣಗಳನ್ನು ಯಾವ ಬೆಳಕಿನಲ್ಲಿ ನೋಡಿ ಆರಿಸುತ್ತೀರಿ ಎಂಬುದು ಬಣ್ಣದಷ್ಟೇ ಮುಖ್ಯ. ಬ್ಲೆಂಡರ್ 4.0ರಿಂದ ಏಜಿಎಕ್ಸ್ ಎಂಬ ವ್ಯೂ ಟ್ರಾನ್ಸ್‌ಫಾರ್ಮ್ (ಲೆಕ್ಕ ಹಾಕಿದ ಬೆಳಕನ್ನು ಪರದೆಯ ಬಣ್ಣಗಳಾಗಿ ಬದಲಿಸುವ ವಿಧಾನ) ತಾನಾಗಿ ಜಾರಿಯಲ್ಲಿರುತ್ತದೆ. ಇದು ತೀಕ್ಷ್ಣ ಬೆಳಕಿನಲ್ಲಿ ಗಾಢ ಬಣ್ಣಗಳನ್ನು ತಿಳಿಯಾಗಿಸುವುದರಿಂದ, ಚಿತ್ರ ಬರೆಯುವ ತಂತ್ರಾಂಶದಲ್ಲಿ ಉರಿಯುತ್ತಿದ್ದ ಇಳಕಲ್ ಕೆಂಪು ಇಲ್ಲಿ ಒಗೆದ ಸೀರೆಯಂತೆ ಮಂಕಾಗಿ ಕಾಣಬಹುದು. ಗಾಬರಿಯಾಗಿ ಟೆಕ್ಸ್ಚರ್ ಅನ್ನು ಇನ್ನಷ್ಟು ಕೆಂಪಾಗಿಸುವ ಮೊದಲು ದೀಪದ ಪ್ರಖರತೆಯನ್ನು ಇಳಿಸಿ ನೋಡಿ. ಮೂರು ಬೆಳಕುಗಳಲ್ಲಿ ಪರೀಕ್ಷಿಸುವುದು ನನ್ನ ರೂಢಿ: ಬೂದು ಬಣ್ಣದ ಸಮ ಬೆಳಕು, ಪಕ್ಕದಿಂದ ಒಂದೇ ಗಟ್ಟಿ ದೀಪ, ಹಿಂದಿನಿಂದ ಬೀಳುವ ಸಂಜೆಯ ಬಿಸಿಲು. ಕಂದು ಮುಖ ಮೊದಲನೆಯದರಲ್ಲಿ ಚಪ್ಪಟೆಯಾಗಿ ಕಂಡರೆ ಬೇಸ್ ಕಲರ್ ಅನ್ನು ಬೆಳಗಿಸಬೇಡಿ. ಅಗಲವಾದ ಮೃದು ದೀಪವೊಂದನ್ನು ಪಕ್ಕಕ್ಕೆ ತಂದು ಕೆನ್ನೆಯ ಮೂಳೆಯ ಮೇಲೆ ಹೊಳಪಿನ ಪಟ್ಟಿ ಬೀಳುವಂತೆ ಮಾಡಿ. ಕೊನೆಯಲ್ಲಿ ಪಾತ್ರವನ್ನು 120 ಫ್ರೇಮ್‌ಗಳಲ್ಲಿ ಒಂದು ಸುತ್ತು ತಿರುಗಿಸಿ ರೆಂಡರ್ ಮಾಡಿದರೆ, ನಿಂತ ಚಿತ್ರದಲ್ಲಿ ಅಡಗಿದ್ದ ತಪ್ಪುಗಳು, ಅದರಲ್ಲೂ ಮುಕ್ಕಾಲು ನೋಟದಲ್ಲಿ ಕೆನ್ನೆಯ ಹೊರಗೆರೆ ಸೊಟ್ಟಗಾಗುವುದು, ಎದ್ದು ಕಾಣುತ್ತವೆ.

ಪಾತ್ರವನ್ನು ರಿಗ್ ಮಾಡುವವರಿಗೆ ಕಳುಹಿಸುವ ಮುನ್ನ ಫೇಸ್ ಓರಿಯಂಟೇಷನ್ ಹಾಕಿ ಕೆಂಪಾಗಿ ಕಾಣುವ ತಿರುಗಾಮುರುಗಾ ಮುಖಗಳನ್ನು ಸರಿಪಡಿಸಿ, ಎಲ್ಲ ವಸ್ತುಗಳ ಸ್ಕೇಲ್ ಅಪ್ಲೈ ಮಾಡಿ, ಟೆಕ್ಸ್ಚರ್‌ಗಳನ್ನು ಕಡತದೊಳಗೆ ಪ್ಯಾಕ್ ಮಾಡಿ, 'ಕ್ಯೂಬ್ 014' ಎಂಬಂಥ ಹೆಸರುಗಳನ್ನೆಲ್ಲ ಬದಲಿಸಿ. ಹಸಿರು ಗಾಜಿನ ಬಳೆಗಳನ್ನು ಚರ್ಮದ ಮೆಶ್‌ಗೆ ಸೇರಿಸದೆ ಬೇರೆಯಾಗಿಯೇ ಇಡಿ. ಅವನ್ನು ಅಂಗೈಯ ಮೂಳೆಗೆ ಕಟ್ಟದೆ ಮುಂದೋಳಿನ ಮೂಳೆಗೆ ಕಟ್ಟುವಂತೆ ಒಂದು ಸಾಲಿನ ಟಿಪ್ಪಣಿ ಬರೆದಿಡಿ, ಇಲ್ಲವಾದರೆ ಅಜ್ಜಿ ರೊಟ್ಟಿ ತಟ್ಟಲು ಮೊದಲ ಸಲ ಮಣಿಕಟ್ಟು ಬಾಗಿಸಿದಾಗಲೇ ಬಳೆಗಳು ಚರ್ಮದೊಳಗೆ ಹೂತುಹೋಗುತ್ತವೆ.